ಶಿಬಿರ ಮುಗಿದ ಮೇಲೂ ಉಳಿದ ವೈದ್ಯ: ಡಾ. ದ್ವಾರಕಾನಾಥ ಕೊಟ್ನಿಸ್

ಉಚಿತ ವೈದ್ಯಕೀಯ ಶಿಬಿರ ಎಂಬ ಮಾತು ನಮ್ಮ ಚರ್ಚ್ ಪರಿಸರಗಳಿಗೆ ಹೊಸದಲ್ಲ. ಚರ್ಚ್ ಸಭಾಭವನದಲ್ಲೋ ಶಾಲೆಯ ಕೊಠಡಿಗಳಲ್ಲೋ ಆದಿತ್ಯವಾರದ ಪೂಜೆಯ ನಂತರ ಶಿಬಿರ ಏರ್ಪಡುತ್ತದೆ. ವೈದ್ಯರು ಬರುತ್ತಾರೆ, ಸ್ವಯಂಸೇವಕರು ಹೆಸರು ಬರೆದುಕೊಳ್ಳುತ್ತಾರೆ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಕರ್ನಾಟಕದಲ್ಲಿ ಈ ಸೇವೆಗೆ ದೊಡ್ಡ ಹೆಸರು ತಂದುಕೊಟ್ಟವರು ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ.ಸಿ. ಮೋದಿ. ಹಳ್ಳಿಯಿಂದ ಹಳ್ಳಿಗೆ ತಿರುಗಿ ಆರು ಲಕ್ಷಕ್ಕೂ ಹೆಚ್ಚು ಕಣ್ಣಿನ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರು 2005ರಲ್ಲಿ ನಿಧನರಾದರು.

ಆದರೆ ಪ್ರತಿ ಶಿಬಿರದ ನಂತರವೂ ಸಂಘಟಕರನ್ನು ಒಂದು ಪ್ರಶ್ನೆ ಕಾಡುತ್ತದೆ. ವೈದ್ಯರು ಮರಳಿ ಹೋದ ಮೇಲೆ ಆ ಊರಿನಲ್ಲಿ ಏನು ಉಳಿಯುತ್ತದೆ? ಈ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟ ಒಬ್ಬ ವೈದ್ಯ ನಮ್ಮ ರಾಜ್ಯದ ಗಡಿಗೆ ಹೊಂದಿಕೊಂಡ ಸೊಲ್ಲಾಪುರದವರು. 1938ರಲ್ಲಿ ಸ್ವಯಂಸೇವಕ ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋದ ಅವರು ಮರಳಿ ಬರಲೇ ಇಲ್ಲ. ಅವರೇ ಡಾ. ದ್ವಾರಕಾನಾಥ ಶಾಂತಾರಾಮ ಕೊಟ್ನಿಸ್. ಡಿಸೆಂಬರ್ 9 ಅವರು ತೀರಿಕೊಂಡ ದಿನ.

ಸೊಲ್ಲಾಪುರದ ಬಾಲ್ಯ

ಸೊಲ್ಲಾಪುರ ಇಂದು ಮಹಾರಾಷ್ಟ್ರದಲ್ಲಿದ್ದರೂ ಕನ್ನಡಿಗರಿಗೆ ಪರಕೀಯ ಊರಲ್ಲ. ಹನ್ನೆರಡನೇ ಶತಮಾನದ ಶಿವಶರಣ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆ ಇದೇ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಬಟ್ಟೆ ಗಿರಣಿಗಳ ಈ ಊರಿಗೆ ಮರಾಠಿ, ಕನ್ನಡ, ತೆಲುಗು ಮಾತನಾಡುವ ಕಾರ್ಮಿಕರು ಬಂದು ನೆಲೆಸಿದ್ದರು.

ದ್ವಾರಕಾನಾಥರು 1910ರ ಅಕ್ಟೋಬರ್ 10ರಂದು ಇಲ್ಲಿನ ಒಂದು ಮಧ್ಯಮ ವರ್ಗದ ಮರಾಠಿ ಕುಟುಂಬದಲ್ಲಿ ಜನಿಸಿದರು. ತಂದೆ ಶಾಂತಾರಾಮ ಕೊಟ್ನಿಸರು ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಇಬ್ಬರು ಸಹೋದರರು, ಐವರು ಸಹೋದರಿಯರಿದ್ದ ತುಂಬು ಸಂಸಾರ. ಇಂತಹ ಮನೆಯಲ್ಲಿ ಮಗನೊಬ್ಬ ಡಾಕ್ಟರಾಗುತ್ತಾನೆ ಎಂದರೆ ಮನೆಮಂದಿಯ ಎಲ್ಲಾ ನಿರೀಕ್ಷೆಗಳೂ ಅವನ ಮೇಲೆಯೇ ನಿಲ್ಲುತ್ತವೆ ಎಂಬುದನ್ನು ನಾವು ಬಲ್ಲೆವು.

ದ್ವಾರಕಾನಾಥರಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಹುಟ್ಟೂರು ದೇಶದ ಗಮನ ಸೆಳೆದಿತ್ತು. 1930ರ ಮೇ ತಿಂಗಳಿನಲ್ಲಿ ಗಾಂಧೀಜಿಯವರ ಬಂಧನದ ನಂತರ ಸೊಲ್ಲಾಪುರದಲ್ಲಿ ಜನ ಬೀದಿಗಿಳಿದರು. ಬ್ರಿಟಿಷ್ ಸರಕಾರ ಅಲ್ಲಿ ಸೇನಾ ಕಾನೂನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್ ಸೇರಿದಂತೆ ಊರಿನ ನಾಲ್ವರನ್ನು ಗಲ್ಲಿಗೇರಿಸಲಾಯಿತು. ದೇಶಕ್ಕಾಗಿ ಏನಾದರೂ ಮಾಡಬೇಕು ಎಂಬ ಮಾತು ಗಾಳಿಯಲ್ಲೇ ಇದ್ದ ಕಾಲ ಅದು.

ದ್ವಾರಕಾನಾಥರು ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿಗೆ ಸೇರಿ ವೈದ್ಯರಾದರು. ನಂತರ ಸ್ನಾತಕೋತ್ತರ ವ್ಯಾಸಂಗಕ್ಕೆ ತೊಡಗಿದರು. ಅದು ಮುಗಿದಿದ್ದರೆ ಮುಂಬಯಿಯಲ್ಲೋ ಸೊಲ್ಲಾಪುರದಲ್ಲೋ ನೆಮ್ಮದಿಯ ವೃತ್ತಿಜೀವನ ಅವರಿಗಾಗಿ ಕಾದಿತ್ತು.

ಚೀನಾದಿಂದ ಬಂದ ಕರೆ

1937ರ ಜುಲೈ 7ರಂದು ಜಪಾನ್ ಸೇನೆ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧ ಆರಂಭಿಸಿತು. ನಗರಗಳು ಒಂದರ ನಂತರ ಒಂದು ಬಿದ್ದವು. ಗಾಯಾಳುಗಳ ಸಂಖ್ಯೆಗೆ ಹೋಲಿಸಿದರೆ ಚೀನಾದಲ್ಲಿ ತರಬೇತಿ ಪಡೆದ ವೈದ್ಯರು ಬೆರಳೆಣಿಕೆಯಷ್ಟೇ ಇದ್ದರು. ಚೀನಾದ ಎಂಟನೇ ಮಾರ್ಗ ಸೇನೆಯ ದಂಡನಾಯಕ ಝು ಡೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕಳುಹಿಸುವಂತೆ ವಿನಂತಿಸಿಕೊಂಡರು.

ಭಾರತ ಆಗ ಸ್ವತಂತ್ರ ದೇಶವಾಗಿರಲಿಲ್ಲ. ಇನ್ನೊಂದು ದೇಶಕ್ಕೆ ನೆರವು ಕಳುಹಿಸಲು ನಮಗೆ ನಮ್ಮದೇ ಸರಕಾರ ಇರಲಿಲ್ಲ. ಆದರೂ 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಅವರು ಜನರಿಗೆ ಕರೆಕೊಟ್ಟರು. ದೇಶದಾದ್ಯಂತ ಚೀನಾ ದಿನ ಆಚರಿಸಿ ನಿಧಿ ಸಂಗ್ರಹಿಸಲಾಯಿತು. ಸುಮಾರು 22 ಸಾವಿರ ರೂಪಾಯಿ, ಔಷಧಗಳು ಮತ್ತು ಒಂದು ಆಂಬುಲೆನ್ಸ್ ವಾಹನ ಸಿದ್ಧವಾದವು. ತಾನೇ ಕಷ್ಟದಲ್ಲಿದ್ದ ದೇಶ ಇನ್ನೊಬ್ಬರ ಕಷ್ಟಕ್ಕೆ ಕೊಟ್ಟ ಕಾಣಿಕೆ ಇದು.

ಸ್ವಯಂಸೇವಕರಾಗಿ ಮುಂದೆ ಬಂದವರಲ್ಲಿ ಐವರನ್ನು ಆರಿಸಲಾಯಿತು. ಅಲಹಾಬಾದಿನ ಡಾ. ಎಂ. ಅಟಲ್ ತಂಡದ ನಾಯಕರು. ಅವರು ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ವೈದ್ಯಕೀಯ ಸೇವೆ ಮಾಡಿ ಬಂದಿದ್ದರು. ನಾಗಪುರದ ಹಿರಿಯ ವೈದ್ಯ ಡಾ. ಎಂ. ಚೋಳ್ಕರ್, ಕಲ್ಕತ್ತಾದ ಡಾ. ಬಿ.ಕೆ. ಬಸು ಮತ್ತು ಡಾ. ಡಿ. ಮುಖರ್ಜಿ ಜತೆಗಿದ್ದರು. ಐದನೆಯವರು ಸೊಲ್ಲಾಪುರದ ಕೊಟ್ನಿಸ್. ಆಗ ಅವರಿಗೆ ಇನ್ನೂ 28 ತುಂಬಿರಲಿಲ್ಲ.

1938ರ ಸೆಪ್ಟೆಂಬರ್ 1ರಂದು ರಜಪುತಾನಾ ಎಂಬ ಹಡಗಿನಲ್ಲಿ ತಂಡ ಮುಂಬಯಿ ಬಂದರಿನಿಂದ ಹೊರಟಿತು. ಸೆಪ್ಟೆಂಬರ್ 17ರಂದು ಚೀನಾದ ಕ್ಯಾಂಟನ್ ತಲುಪಿತು. ಅಲ್ಲಿ ಅವರನ್ನು ಬರಮಾಡಿಕೊಂಡವರಲ್ಲಿ ಚೀನಾ ಗಣರಾಜ್ಯದ ಸ್ಥಾಪಕ ಸನ್ ಯಾತ್‌ಸೇನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಕೂಡ ಇದ್ದರು.

ಮೊದಲ ಪರೀಕ್ಷೆ

ತಂಡ ಹ್ಯಾಂಕೋ ನಗರ ಸೇರಿ ಗಾಯಾಳುಗಳ ಆರೈಕೆಗೆ ತೊಡಗಿತು. ಆದರೆ ಅಕ್ಟೋಬರ್ ಕೊನೆಗೆ ಆ ನಗರವೂ ಜಪಾನೀಯರ ವಶವಾಯಿತು. ಅದಕ್ಕೆ ಮೊದಲೇ ತಂಡ ಅಲ್ಲಿಂದ ಹೊರಟು ಇಚಾಂಗ್ ಮೂಲಕ ಚೋಂಗ್‌ಕಿಂಗ್ ಸೇರಿತ್ತು. ಅಲ್ಲಿ ಐವರಿಗೂ ಚೀನೀ ಹೆಸರುಗಳನ್ನು ಇಡಲಾಯಿತು. ಪ್ರತಿ ಹೆಸರಿನ ಕೊನೆಗೂ ಚೀನಾ ಎಂಬ ಅರ್ಥದ ಹುವಾ ಎಂಬ ಪದವಿತ್ತು. ಕೊಟ್ನಿಸರು ಕ ದಿಹುವಾ ಆದರು. ಚೀನಾದ ಜನ ಇಂದಿಗೂ ಅವರನ್ನು ಗುರುತಿಸುವುದು ಇದೇ ಹೆಸರಿನಿಂದ.

ಚೋಂಗ್‌ಕಿಂಗ್‌ನಲ್ಲಿರುವಾಗಲೇ ಮನೆಯಿಂದ ದುಃಖದ ವಾರ್ತೆ ಬಂತು. ತಂದೆ ತೀರಿಕೊಂಡಿದ್ದರು. ಸಹೋದ್ಯೋಗಿಗಳು ಅವರಿಗೆ ಊರಿಗೆ ಮರಳಲು ಹೇಳಿದರು. ದುಡಿಯುತ್ತಿದ್ದ ತಂದೆ ಇಲ್ಲವಾದ ಮೇಲೆ ದೊಡ್ಡ ಸಂಸಾರಕ್ಕೆ ಮಗನ ಅಗತ್ಯ ಎಷ್ಟಿತ್ತೆಂದು ಹೇಳಬೇಕಾಗಿಲ್ಲ. ಅಂದು ಅವರು ಮರಳಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಕೊಟ್ನಿಸರು ಮರಳಲಿಲ್ಲ. ಕೈಹಿಡಿದ ಕೆಲಸ ಆರಂಭವೇ ಆಗದಿರುವಾಗ ಬಿಟ್ಟು ಹೋಗಲು ಅವರ ಮನಸ್ಸು ಒಪ್ಪಲಿಲ್ಲ. ಈ ತೀರ್ಮಾನದ ಭಾರವನ್ನು ಅವರೊಬ್ಬರೇ ಹೊರಲಿಲ್ಲ, ಸೊಲ್ಲಾಪುರದ ಮನೆಯವರೂ ಹೊತ್ತರು ಎಂಬುದನ್ನು ನಾವು ನೆನಪಿಡಬೇಕು.

1939ರ ಫೆಬ್ರವರಿ 12ರಂದು ತಂಡ ಉತ್ತರ ಚೀನಾದ ಯೆನಾನ್ ತಲುಪಿತು. ಕಮ್ಯುನಿಸ್ಟ್ ಪಡೆಗಳ ಕೇಂದ್ರವಾಗಿದ್ದ ಈ ಊರಿನಲ್ಲಿ ಬಾಂಬ್ ದಾಳಿಯಿಂದ ರಕ್ಷಣೆಗಾಗಿ ಆಸ್ಪತ್ರೆಗಳನ್ನೂ ಮಣ್ಣಿನ ಗುಡ್ಡಗಳಲ್ಲಿ ಕೊರೆದ ಗುಹೆಗಳಲ್ಲೇ ನಡೆಸಲಾಗುತ್ತಿತ್ತು. ಕರಾವಳಿಯ ಸೆಕೆಗೆ ಒಗ್ಗಿದ ನಮಗೆ ಅಲ್ಲಿನ ಚಳಿಗಾಲವನ್ನು ಊಹಿಸುವುದೂ ಕಷ್ಟ. ಎಣ್ಣೆದೀಪದ ಬೆಳಕಿನಲ್ಲಿ, ಔಷಧಗಳ ಕೊರತೆಯ ನಡುವೆ ಶಸ್ತ್ರಚಿಕಿತ್ಸೆ ನಡೆಯಬೇಕಿತ್ತು.

1939ರಲ್ಲೇ ಚೋಳ್ಕರ್ ಮತ್ತು ಮುಖರ್ಜಿ ಭಾರತಕ್ಕೆ ಮರಳಿದರು. ಉಳಿದ ಮೂವರು ನವೆಂಬರ್ ತಿಂಗಳಲ್ಲಿ ಯುದ್ಧರಂಗದ ಕಡೆಗೆ ಹೊರಟರು. ಅನಾರೋಗ್ಯದಿಂದಾಗಿ ಅಟಲ್ ಅವರೂ 1940ರಲ್ಲಿ ಮರಳಬೇಕಾಯಿತು. ಐವರಲ್ಲಿ ಉಳಿದವರು ಇಬ್ಬರು, ಬಸು ಮತ್ತು ಕೊಟ್ನಿಸ್.

ಬೆಥೂನ್ ನಡೆದ ದಾರಿಯಲ್ಲಿ

ಕೊಟ್ನಿಸರ ಮುಂದಿನ ಬದುಕನ್ನು ಅರಿಯಬೇಕಾದರೆ ಇನ್ನೊಬ್ಬ ವೈದ್ಯರ ಬಗ್ಗೆ ತಿಳಿದಿರಬೇಕು. ಕೆನಡಾದ ಶಸ್ತ್ರಚಿಕಿತ್ಸಕ ಡಾ. ನಾರ್ಮನ್ ಬೆಥೂನ್ 1938ರಲ್ಲೇ ಚೀನಾಕ್ಕೆ ಬಂದು ಉತ್ತರದ ಬೆಟ್ಟಗಾಡಿನಲ್ಲಿ ಸೇವೆ ಆರಂಭಿಸಿದ್ದರು. ಗಾಯಾಳು ವೈದ್ಯನ ಬಳಿಗೆ ಬರುವ ತನಕ ಕಾಯಬಾರದು, ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕು ಎಂಬುದು ಅವರ ಪದ್ಧತಿಯಾಗಿತ್ತು. ಇದಕ್ಕೆ ಬಲವಾದ ಕಾರಣವಿತ್ತು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಗುಂಡು ತಗುಲಿದ ಗಾಯವನ್ನು ಕೆಲವೇ ಗಂಟೆಗಳಲ್ಲಿ ಶುಚಿಗೊಳಿಸಿ, ಸತ್ತ ಮಾಂಸವನ್ನು ಕತ್ತರಿಸಿ ತೆಗೆಯದಿದ್ದರೆ ನಂಜು ಏರುತ್ತಿತ್ತು. ಮತ್ತೆ ಕೈಕಾಲು ಕತ್ತರಿಸಬೇಕು, ಇಲ್ಲವೇ ಜೀವವೇ ಹೋಗಬೇಕು. ಆದ್ದರಿಂದ ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಯುದ್ಧರಂಗದ ಹತ್ತಿರದ ಹಳ್ಳಿಗಳಿಗೇ ಹೋಗುತ್ತಿದ್ದರು.

ಬೆಥೂನರಿಗೆ ನೆರವಾದವರಲ್ಲಿ ನ್ಯೂಜಿಲೆಂಡಿನ ಕ್ಯಾಥ್ಲೀನ್ ಹಾಲ್ ಎಂಬ ಆಂಗ್ಲಿಕನ್ ಮಿಷನ್ ನರ್ಸ್ ಒಬ್ಬರಿದ್ದರು ಎಂಬುದು ನಮ್ಮ ಓದುಗರಿಗೆ ಆಸಕ್ತಿಯ ವಿಷಯ. ಜಪಾನೀಯರ ಪಹರೆಯ ನಡುವೆ ಪೀಕಿಂಗ್‌ಗೆ ಹೋಗಿ ಔಷಧಗಳನ್ನು ಖರೀದಿಸಿ ಗುಟ್ಟಾಗಿ ಬೆಟ್ಟಗಾಡಿಗೆ ತಲುಪಿಸುತ್ತಿದ್ದರು. ಜಪಾನ್ ಸೇನೆ ಅವರ ಮಿಷನ್ ಕೇಂದ್ರವನ್ನು ಸುಟ್ಟು ಹಾಕಿತು. ಅವರು ಚೀನಾ ಬಿಟ್ಟು ಹೋಗಬೇಕಾಯಿತು. ನಾಸ್ತಿಕರಾದ ಬೆಥೂನ್ ಮತ್ತು ಮಿಷನ್ ನರ್ಸ್ ಹಾಲ್ ಅವರನ್ನು ಗಾಯಾಳುಗಳ ನೋವು ಒಂದೇ ದಾರಿಯಲ್ಲಿ ನಡೆಸಿತ್ತು.

1939ರ ನವೆಂಬರ್ 12ರಂದು ಬೆಥೂನ್ ತೀರಿಕೊಂಡರು. ಕೈಗವಸು ಇಲ್ಲದೆ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗೆ ಆದ ಗಾಯಕ್ಕೆ ನಂಜು ತಗುಲಿ ಅವರ ಜೀವ ಹೋಯಿತು. 1940ರ ಜೂನ್‌ನಲ್ಲಿ ಹೆಬೇ ಪ್ರಾಂತ್ಯದಲ್ಲಿ ಬೆಥೂನರ ಸಮಾಧಿಯ ಉದ್ಘಾಟನೆಗೆ ಕೊಟ್ನಿಸ್ ಮತ್ತು ಬಸು ಹೋಗಿದ್ದರು. ಬಸು ನಂತರ ಯೆನಾನ್‌ಗೆ ಮರಳಿ 1943ರವರೆಗೆ ಸೇವೆ ಸಲ್ಲಿಸಿದರು. ಕೊಟ್ನಿಸ್ ಬೆಥೂನ್ ಕೆಲಸ ಮಾಡಿದ ಬೆಟ್ಟಗಾಡಿನಲ್ಲೇ ಉಳಿದರು.

ಎಪ್ಪತ್ತೆರಡು ಗಂಟೆಗಳು

1940ರ ಆಗಸ್ಟ್‌ನಲ್ಲಿ ಚೀನಾದ ಪಡೆಗಳು ಉತ್ತರದಲ್ಲಿ ಜಪಾನೀಯರ ವಿರುದ್ಧ ದೊಡ್ಡ ದಾಳಿ ಆರಂಭಿಸಿದವು. ಗಾಯಾಳುಗಳು ಸ್ಟ್ರೆಚರ್‌ಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಬರತೊಡಗಿದರು. ಕೊಟ್ನಿಸರು ಒಂದು ಹಂತದಲ್ಲಿ ಸತತ 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಆ ಕಾಳಗದಲ್ಲಿ ಅವರು ಆರೈಕೆ ಮಾಡಿದ ಗಾಯಾಳುಗಳು 800ಕ್ಕೂ ಹೆಚ್ಚು.

ಚಲನಚಿತ್ರಗಳಲ್ಲಿಯೂ ಲೇಖನಗಳಲ್ಲಿಯೂ ಹೆಚ್ಚಾಗಿ ನೆನೆಯುವುದು ಈ 72 ಗಂಟೆಗಳನ್ನು. ಅದು ಸಹಜವೇ. ಆದರೆ ಅವರ ಸೇವೆಯ ಹಿರಿಮೆ ಇರುವುದು ಅದರ ನಂತರದ ಎರಡು ವರ್ಷಗಳಲ್ಲಿ ಎಂದು ನನಗನಿಸುತ್ತದೆ.

ಕಲಿಸಿದ ವೈದ್ಯ

1941ರ ಜನವರಿಯಲ್ಲಿ ಕೊಟ್ನಿಸರನ್ನು ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾಗಿ ನೇಮಿಸಲಾಯಿತು. ಹೆಸರು ದೊಡ್ಡದಾದರೂ ಅದು ಕಟ್ಟಡ, ಕಾಂಪೌಂಡು ಇರುವ ಆಸ್ಪತ್ರೆಯಾಗಿರಲಿಲ್ಲ. ಟಾಂಗ್ ತಾಲೂಕಿನ ಗಗೋಂಗ್ ಎಂಬ ಹಳ್ಳಿ ಅದರ ನೆಲೆ. ರೈತರ ಮನೆಗಳೇ ವಾರ್ಡುಗಳು. ಜಪಾನ್ ಸೇನೆ ಹಳ್ಳಿಗಳನ್ನು ಹುಡುಕಿಕೊಂಡು ಬಂದಾಗ ರೋಗಿಗಳು, ಔಷಧ, ಸಲಕರಣೆ ಎಲ್ಲವನ್ನೂ ಹೊತ್ತುಕೊಂಡು ಬೆಟ್ಟ ಸೇರಬೇಕಿತ್ತು. ಹಳ್ಳಿಯ ಜನ ಗಾಯಾಳುಗಳನ್ನು ತಮ್ಮ ಮನೆಗಳಲ್ಲಿ ಅಡಗಿಸಿ ಕಾಪಾಡುತ್ತಿದ್ದರು. ಇದರಿಂದ ಅವರ ಪ್ರಾಣಕ್ಕೂ ಅಪಾಯವಿತ್ತು. ಕೊಟ್ನಿಸರು ಸೈನಿಕರನ್ನು ಮಾತ್ರವಲ್ಲದೆ ಈ ರೈತರನ್ನೂ ಅವರ ಮಕ್ಕಳನ್ನೂ ನೋಡುತ್ತಿದ್ದರು.

ಆಸ್ಪತ್ರೆಯ ಜತೆಗೆ ಬೆಥೂನರ ಹೆಸರಿನ ವೈದ್ಯಕೀಯ ಶಾಲೆಯೂ ಇತ್ತು. ಕೊಟ್ನಿಸರು ಅಲ್ಲಿ ಪಾಠ ಮಾಡಿದರು, ಅದೂ ಚೀನೀ ಭಾಷೆಯಲ್ಲಿ. ಹಡಗಿನಿಂದ ಇಳಿದಾಗ ಒಂದು ಅಕ್ಷರವೂ ತಿಳಿಯದಿದ್ದ ಭಾಷೆಯನ್ನು ಎರಡೇ ವರ್ಷಗಳಲ್ಲಿ ಪಾಠ ಮಾಡುವಷ್ಟು ಕಲಿತಿದ್ದರು. ರೋಗಿಯ ನೋವನ್ನು ದುಭಾಷಿಯ ಮೂಲಕ ಕೇಳುವುದಕ್ಕೂ ನೇರವಾಗಿ ಕೇಳುವುದಕ್ಕೂ ವ್ಯತ್ಯಾಸವಿದೆ ಎಂಬುದು ಆಸ್ಪತ್ರೆಯಲ್ಲಿ ದುಡಿದ ಯಾರಿಗೂ ಗೊತ್ತು.

ಪಠ್ಯಪುಸ್ತಕಗಳು ಇಲ್ಲದ ಕಾರಣ ಅವರೇ ಬರೆಯಲು ಕುಳಿತರು. ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ವಗಳ ಬಗ್ಗೆ ಒಂದು ಪಠ್ಯ ಸಿದ್ಧಪಡಿಸಿದರು. ಎರಡನೆಯದನ್ನು ಆರಂಭಿಸಿದರು. ಬೆಳಿಗ್ಗೆ ರೋಗಿಗಳು, ನಂತರ ಪಾಠ, ರಾತ್ರಿ ದೀಪದ ಬೆಳಕಿನಲ್ಲಿ ಬರವಣಿಗೆ. ಯುದ್ಧಕಾಲದಲ್ಲಿ ಪೂರ್ಣ ವೈದ್ಯಕೀಯ ಪದವಿಗೆ ಬೇಕಾದಷ್ಟು ವರ್ಷಗಳು ಯಾರ ಬಳಿಯೂ ಇರಲಿಲ್ಲ. ಹಳ್ಳಿಯ ತರುಣರಿಗೆ ಗಾಯ ತೊಳೆಯುವುದು, ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ಪಟ್ಟಿ ಕಟ್ಟುವುದು ಕಲಿಸಿದರೆ ಒಬ್ಬ ವೈದ್ಯನ ಎರಡು ಕೈಗಳು ನೂರಾಗುತ್ತವೆ. ಕೊಟ್ನಿಸರು ಮಾಡಿದ್ದು ಇದನ್ನೇ.

ಸಂಸಾರ ಮತ್ತು ಅಂತ್ಯ

ಬೆಥೂನರ ಸಮಾಧಿಯ ಉದ್ಘಾಟನೆಯ ಸಂದರ್ಭದಲ್ಲಿ ಕೊಟ್ನಿಸರು ಕುವೋ ಚಿಂಗ್‌ಲಾನ್ ಎಂಬ ನರ್ಸ್ ಅವರನ್ನು ಮೊದಲ ಬಾರಿಗೆ ಕಂಡಿದ್ದರು. ಪೀಕಿಂಗ್‌ನಲ್ಲಿ ತರಬೇತಿ ಪಡೆದಿದ್ದ ಆಕೆ ಬೆಥೂನ್ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದರು. 1941ರ ನವೆಂಬರ್ 25ರಂದು ಇಬ್ಬರೂ ವಿವಾಹವಾದರು. 1942ರ ಆಗಸ್ಟ್ 23ರಂದು ಗಂಡು ಮಗು ಹುಟ್ಟಿತು. ಆ ಪ್ರದೇಶದ ಸೇನಾ ದಂಡನಾಯಕ ನೀ ರೊಂಗ್‌ಜೆನ್ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅದೇ ವರ್ಷ ಕೊಟ್ನಿಸರು ಚೀನಾದ ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಆಗಿದ್ದರು.

ಇಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತ್ತು. ಅಪಸ್ಮಾರ, ಅಂದರೆ ಮೂರ್ಛೆರೋಗ ಅವರನ್ನು ಕಾಡುತ್ತಿತ್ತು. ನಿದ್ದೆಗೇಡು, ಅರೆಹೊಟ್ಟೆ ಮತ್ತು ದಣಿವು ಈ ಕಾಯಿಲೆಯನ್ನು ಹೆಚ್ಚಿಸುವಂಥವು. ಬೆಟ್ಟಗಾಡಿನಲ್ಲಿ ಅದಕ್ಕೆ ತಕ್ಕ ಔಷಧವೂ ಇರಲಿಲ್ಲ. ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯುವಂತೆ ಹಿರಿಯರು ಸಲಹೆ ನೀಡಿದರೂ ಅವರು ಕೆಲಸ ಬಿಟ್ಟು ಹೋಗಲು ಒಪ್ಪಲಿಲ್ಲ. 1942ರ ಡಿಸೆಂಬರ್ ಆರಂಭದಲ್ಲಿ ಎರಡನೇ ಪಠ್ಯವನ್ನು ಬರೆಯುತ್ತಿದ್ದ ದಿನಗಳಲ್ಲೇ ತೀವ್ರ ಸೆಳೆತ ಕಾಣಿಸಿಕೊಂಡಿತು. ಡಿಸೆಂಬರ್ 9ರ ಬೆಳಗಿನ ಜಾವ ಅವರು ಕೊನೆಯುಸಿರೆಳೆದರು. ಅವರಿಗೆ ಆಗ 32 ವರ್ಷ. ಮಗುವಿಗೆ ಮೂರೂವರೆ ತಿಂಗಳು.

ಹಳ್ಳಿಯ ಜನರ ನಡುವೆಯೇ ಅವರನ್ನು ಮಣ್ಣು ಮಾಡಲಾಯಿತು. ಮುಂದೆ ಪಾರ್ಥಿವ ಶರೀರವನ್ನು ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನಕ್ಕೆ ಸ್ಥಳಾಂತರಿಸಲಾಯಿತು. ಬೆಥೂನರ ಸಮಾಧಿಯೂ ಅಲ್ಲೇ ಇದೆ.

ನೆನಪು ಮತ್ತು ಉಳಿದದ್ದು

ಭಾರತದ ಜನರಿಗೆ ಅವರ ಕಥೆಯನ್ನು ತಲುಪಿಸಿದವರು ಪತ್ರಕರ್ತ, ಲೇಖಕ ಖ್ವಾಜಾ ಅಹ್ಮದ್ ಅಬ್ಬಾಸ್. ಅವರ ಪುಸ್ತಕವನ್ನು ಆಧರಿಸಿ ವಿ. ಶಾಂತಾರಾಂ ಅವರು 1946ರಲ್ಲಿ ಡಾ. ಕೊಟ್ನಿಸ್ ಕೀ ಅಮರ್ ಕಹಾನಿ ಎಂಬ ಹಿಂದಿ ಚಿತ್ರ ನಿರ್ಮಿಸಿ ತಾವೇ ಕೊಟ್ನಿಸರ ಪಾತ್ರ ವಹಿಸಿದರು. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ನೆನಪಿಗೆ ಅಂಚೆಚೀಟಿ ಹೊರತಂದವು. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. 1962ರಲ್ಲಿ ಎರಡೂ ದೇಶಗಳು ಯುದ್ಧ ಮಾಡಿದವು. ಆ ನಂತರವೂ ಸಂಬಂಧ ಹಲವು ಬಾರಿ ಹಳಸಿದೆ. ಆದರೂ ಎರಡೂ ಕಡೆಯವರು ಗೌರವದಿಂದ ಹೇಳುವ ಹೆಸರುಗಳಲ್ಲಿ ಇದು ಒಂದು.

ಕುಟುಂಬದ ಪಾಲಿಗೆ ಮಾತ್ರ ದುಃಖ ಮುಗಿಯಲಿಲ್ಲ. ತಂದೆಯ ದಾರಿಯಲ್ಲಿ ವೈದ್ಯಕೀಯ ಓದುತ್ತಿದ್ದ ಯಿನ್‌ಹುವಾ 1967ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಗಂಡನ ಮನೆಯವರ ಜತೆ ಸಂಬಂಧ ಉಳಿಸಿಕೊಂಡು ಭಾರತಕ್ಕೂ ಬಂದುಹೋಗಿದ್ದ ಕುವೋ ಚಿಂಗ್‌ಲಾನ್ 2012ರಲ್ಲಿ ಚೀನಾದ ಡಾಲಿಯನ್‌ನಲ್ಲಿ ನಿಧನರಾದರು.

ಶಿಜಿಯಾಝುವಾಂಗ್‌ನಲ್ಲಿ ಕೊಟ್ನಿಸರ ಚೀನೀ ಹೆಸರಿನ ವೈದ್ಯಕೀಯ ಶಾಲೆಯಿದೆ. ಬೆಥೂನ್ ಆಸ್ಪತ್ರೆಯೂ ಅದೇ ನಗರದಲ್ಲಿ ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ರೈತರ ಮನೆಗಳಲ್ಲಿ ನಡೆದ ಕೆಲಸ ಹೀಗೆ ಮುಂದುವರಿದಿದೆ.

ನಮಗೊಂದು ಪಾಠ

ನಾವು ಚೀನಾಕ್ಕೆ ಹೋಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬಿ.ಜಿ. ಕೆರೆಯಂತಹ ಬಯಲುಸೀಮೆಯ ಊರಿನವರು ಇಂದಿಗೂ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಕೂಲಿ ಬಿಟ್ಟು ಚಿತ್ರದುರ್ಗಕ್ಕೋ ಬಳ್ಳಾರಿಗೋ ದಾವಣಗೆರೆಗೋ ಹೋಗಬೇಕು. ಮಂಗಳೂರು, ಮಣಿಪಾಲದಂತಹ ಆಸ್ಪತ್ರೆಗಳ ಊರಿನಲ್ಲಿರುವ ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ. ಅಂತಹ ಊರುಗಳಿಗೆ ಒಂದು ದಿನದ ಶಿಬಿರ ಹೋದರೂ ಅದು ಪುಣ್ಯದ ಕೆಲಸವೇ. ಒಂದು ದಿನದಲ್ಲಿ ದೃಷ್ಟಿ ಮರಳಿ ಪಡೆದ ಅಜ್ಜಿಗೆ ಆ ಒಂದು ದಿನ ಸಣ್ಣದಲ್ಲ.

ಆದರೆ ಶಿಬಿರದ ಫೋಟೋ ತೆಗೆದು, ಸನ್ಮಾನ ಮುಗಿಸಿ, ಬ್ಯಾನರ್ ಇಳಿಸಿದ ಮೇಲೆ ಯಾರು ಆ ಅಜ್ಜಿಯ ಹೊಲಿಗೆಯನ್ನು ನೋಡುತ್ತಾರೆ? ಗಾಯ ಕೀವಾದರೆ ಅವಳು ಯಾರಿಗೆ ಫೋನ್ ಮಾಡಬೇಕು? ಅವಳ ಭಾಷೆಯಲ್ಲಿ ಔಷಧದ ವಿವರ ಹೇಳಿದವರಿದ್ದಾರೆಯೇ? ಊರಿನ ಆಶಾ ಕಾರ್ಯಕರ್ತೆಗೋ ಕಾನ್ವೆಂಟಿನ ನರ್ಸ್ ಸಿಸ್ಟರಿಗೋ ಮುಂದಿನ ಆರೈಕೆಯನ್ನು ಕಲಿಸಿ ಬಂದಿದ್ದೇವೆಯೇ? ಮುಂದಿನ ಶಿಬಿರದ ಸಿದ್ಧತಾ ಸಭೆಯಲ್ಲಿ ಪಾಲನಾ ಮಂಡಳಿಯ ಸದಸ್ಯರೂ ವಾರ್ಡಿನ ಗುರಿಕಾರರೂ ಊಟ, ಪೆಂಡಾಲಿನ ಲೆಕ್ಕದ ಜತೆಗೆ ಈ ಪ್ರಶ್ನೆಗಳನ್ನೂ ಕೇಳಿಕೊಂಡರೆ ಒಳಿತು.

ಎಲ್ಲರೂ ಕೊಟ್ನಿಸರಂತೆ ಮನೆ ಬಿಟ್ಟು ಹೋಗಲು ಆಗದು, ಹೋಗಬೇಕಾಗಿಯೂ ಇಲ್ಲ. ಅವರೊಡನೆ ಹೋಗಿ ಮರಳಿದ ನಾಲ್ವರ ಸೇವೆಯೂ ದೊಡ್ಡದೇ. ಆದರೆ ತಾನಿಲ್ಲದಿದ್ದರೂ ಕೆಲಸ ನಡೆಯುವಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ಸೇವಾಕರ್ತನಿಗೂ ಸಾಧ್ಯ. ಸೊಲ್ಲಾಪುರದ ಗುಮಾಸ್ತರ ಮಗ ಗಗೋಂಗ್ ಹಳ್ಳಿಯಲ್ಲಿ ಅದನ್ನು ಮಾಡಿ ತೋರಿಸಿದರು. ಅವರು ತೀರಿಕೊಂಡ ಮರುದಿನವೂ ಅಲ್ಲಿ ಗಾಯಾಳುಗಳ ಆರೈಕೆ ನಿಲ್ಲಲಿಲ್ಲ, ಏಕೆಂದರೆ ಆರೈಕೆ ಮಾಡಲು ಅವರ ವಿದ್ಯಾರ್ಥಿಗಳಿದ್ದರು.